ಬಾಸ್ ರಜೆ ಹಾಕಿದ ದಿನ

ನನ್ನ ಮೊದಲ ಕೆಲಸದ ಮ್ಯಾನೇಜರ್ ರಜೆ ಹಾಕಿದ ದಿನ ನಮ್ಮ ಫ್ಲೋರಿನಲ್ಲಿ ಹಬ್ಬ. ಹನ್ನೊಂದಕ್ಕೆ ಕಾಫಿಗೆ ಇಳಿದವರು ಹನ್ನೆರಡೂವರೆಗೆ ಮೇಲೆ ಬರ್ತಿದ್ವಿ. ಅವರು ಬಂದ ದಿನ ಮಾತ್ರ ನಮ್ಮಷ್ಟು ಶ್ರದ್ಧಾವಂತರು ಇಡೀ ಔಟರ್ ರಿಂಗ್ ರೋಡಿನಲ್ಲೇ ಇರಲಿಲ್ಲ. ‘ಆ ಮನುಷ್ಯ ಹಾಗಿದ್ದದ್ದಕ್ಕೇ ನಾವು ಹೀಗೆ’ ಅಂತ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ.

ಹಾಗನ್ನಲು ಆಧಾರವೂ ಇದೆ. 1930ರ ದಶಕದ ಕೊನೆಗೆ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಜೊತೆಗಾರರು ಹತ್ತು ವರ್ಷದ ಹುಡುಗರ ಪುಟ್ಟ ಕ್ಲಬ್ಬುಗಳನ್ನು ಕಟ್ಟಿ ಒಂದು ಪ್ರಯೋಗ ಮಾಡಿದರು. ಮುಖವಾಡ ತಯಾರಿಸುವಂಥ ಕೈಕೆಲಸ. ಒಂದು ಬಗೆಯ ನಾಯಕ ಎಲ್ಲವನ್ನೂ ತಾನೇ ಹೇಳಿ ಮಾಡಿಸುತ್ತಿದ್ದ, ಮುಂದಿನ ಹೆಜ್ಜೆ ಏನೆಂಬುದು ಕೂಡ ಹುಡುಗರಿಗೆ ಗೊತ್ತಿರುತ್ತಿರಲಿಲ್ಲ. ಇನ್ನೊಬ್ಬ ಜೊತೆಗೆ ಕೂತು ಚರ್ಚಿಸುತ್ತಿದ್ದ. ಮತ್ತೊಬ್ಬ ಕೇಳಿದರಷ್ಟೇ ಬಾಯಿ ಬಿಡುತ್ತಿದ್ದ (ಈತನನ್ನೂ ನಾವೆಲ್ಲ ನೋಡಿದ್ದೇವೆ, ಬಿಡಿ). ಸ್ವಾರಸ್ಯ ಇರೋದು ನಾಯಕ ಕೋಣೆಯಿಂದ ಹೊರಗೆ ಹೋದಾಗ. ದಬಾಯಿಸುವವನ ಗುಂಪಿನ ಕೆಲಸ ಒಮ್ಮೆಲೇ ಕುಸಿಯಿತು, ಚರ್ಚಿಸುವವನ ಗುಂಪಿನದು ಹೆಚ್ಚೇನೂ ಕುಗ್ಗಲಿಲ್ಲ. ಅದೇ ಹುಡುಗರು ಬೇರೆ ನಾಯಕನ ಕೈಗೆ ಹೋದಾಗ ಬೇರೆ ಥರವೇ ಇರುತ್ತಿದ್ದರು.

ಇದನ್ನು ಓದಿದಾಗ ಮೊದಲು ಖುಷಿಯಾಯ್ತು. ತಪ್ಪು ನನ್ನದಲ್ಲ ಅಂತಾಯ್ತಲ್ಲ! ಆಮೇಲೆ ಕಸಿವಿಸಿ. ಅವರು ಹತ್ತು ವರ್ಷದ ಮಕ್ಕಳು. ನನಗೆ ಆಗ ಇಪ್ಪತ್ತಾರು, ತಿಂಗಳ ಕೊನೆಗೆ ಸಂಬಳ ತಪ್ಪದೆ ಬರುತ್ತಿತ್ತು. ಆ ಕಾಫಿಯ ದಿನಗಳಲ್ಲಿ ನಾನು ಬಿಟ್ಟ ಕೆಲಸ ಮ್ಯಾನೇಜರ್ ತಲೆಗೆ ಬೀಳಲೂ ಇಲ್ಲ. ಬಿದ್ದದ್ದು ರಾತ್ರಿ ಪಾಳಿಯ ಸಪೋರ್ಟ್ ಟೀಮಿನ ಹುಡುಗಿಯ ತಲೆಗೆ. ನನ್ನ ಸೋಮಾರಿತನಕ್ಕೆ ಕಾರಣ ಆತನೇ ಇರಬಹುದು, ಆದರೆ ಅವಳಿಗೆ ಲೆಕ್ಕ ಕೊಡಬೇಕಾದವನು ನಾನೇ ತಾನೇ?

ಈಗ ನಾನೇ ಲೀಡ್. ಕಳೆದ ತಿಂಗಳು ನಮ್ಮ ಟೀಮಿನ ಹೊಸ ಹುಡುಗ ತಾನು ಮಾಡಿದ ಒಂದು ತಪ್ಪನ್ನು ಮೂರು ದಿನ ಮುಚ್ಚಿಟ್ಟ. ಚಿಕ್ಕ ತಪ್ಪೇ, ಮೂರು ದಿನದಲ್ಲಿ ದೊಡ್ಡದಾಯ್ತು.

‘ಯಾಕೋ ಹೇಳಲಿಲ್ಲ?’

‘ನೀವು ಬೈತೀರ ಅಂತ.’

ನಾನು ಯಾರಿಗೂ ಬೈದವನಲ್ಲ ಕಣ್ರೀ. ಬೆಳಗಿನ ಮೀಟಿಂಗಿನಲ್ಲಿ, ಎಲ್ಲರೆದುರು, ತಣ್ಣಗೆ ‘ಇದು ಯಾರು ಮಾಡಿದ್ದು?’ ಅಂತ ಕೇಳ್ತೀನಿ, ಅಷ್ಟೇ. ನನ್ನ ಹಳೇ ಮ್ಯಾನೇಜರ್ ಕೂಡ ಇದೇ ಪ್ರಶ್ನೆಯನ್ನು ಇಷ್ಟೇ ತಣ್ಣಗೆ ಕೇಳುತ್ತಿದ್ದರು ಅನ್ನೋದು ರಾತ್ರಿ ಮಲಗುವಾಗ ನೆನಪಾಯ್ತು.

ಸೋಮವಾರದ ಮೀಟಿಂಗಿನಲ್ಲಿ ಮತ್ತೊಂದು ಎಡವಟ್ಟು ಎದುರಾಯ್ತು. ‘ಯಾರು’ ಅನ್ನೋದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ‘ಏನಾಯ್ತು?’ ಅಂದೆ. ಯಾರೂ ಮಾತಾಡಲಿಲ್ಲ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.