ತಾಯಿ ಓದಲು ಕುಳಿತರೆ ಮಗು ಯಾರ ಹೊಣೆ?

ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ ಮಸೀದಿಯ ಗೇಟಿನ ಬಳಿ ಒಬ್ಬ ಸಹೋದರಿ ಕಾದು ನಿಂತಿದ್ದರು. ನನ್ನ ಮದ್ರಸದಲ್ಲಿ ಕಲಿಯುವ ಹುಡುಗನ ತಾಯಿ. ಸೊಂಟದ ಮೇಲೆ ಮೂರು ವರ್ಷದ ಹೆಣ್ಣು ಮಗು. ದಾಂಡೇಲಿಯವರು. ಲಾರಿ ಓಡಿಸುತ್ತಿದ್ದ ಪತಿ ತೀರಿಕೊಂಡ ಮೇಲೆ ಹಳಿಯಾಳದ ತವರಿಗೆ ಬಂದವರು. ಒಂಬತ್ತನೆಯ ತರಗತಿಗೇ ಶಾಲೆ ಬಿಡಿಸಿ ಅವರ ಮದುವೆ ಮಾಡಲಾಗಿತ್ತು.

"ಹಜರತ್, ನಾನು ಎಸ್ಸೆಸ್ಸೆಲ್ಸಿ ಕಟ್ಟಬೇಕೆಂದಿದ್ದೇನೆ. ಯತೀಮ್ ಮಕ್ಕಳನ್ನು ಬಿಟ್ಟು ಪುಸ್ತಕ ಹಿಡಿದು ಕೂತರೆ ನಾಳೆ ಅಲ್ಲಾಹ್ ಕೇಳುವುದಿಲ್ಲವೇ ಅಂತ ಮನೆಯಲ್ಲಿ ಅನ್ನುತ್ತಾರೆ. ಕೇಳುತ್ತಾನೆಯೇ?"

ಕಿತಾಬು ನೋಡಿ ಹೇಳುತ್ತೇನೆ ಎಂದುಬಿಟ್ಟೆ. ನಿಜ ಹೇಳಬೇಕೆಂದರೆ, ಕಿತಾಬು ನೋಡುವ ಅಗತ್ಯ ಅಷ್ಟಿರಲಿಲ್ಲ. ನನಗೆ ನೆನಪಾದದ್ದು ನನ್ನದೇ ಬಿ.ಎ. ಪರೀಕ್ಷೆ.

ಮದ್ರಸದ ಓದು ಮುಗಿಸಿ, ಮದುವೆಯಾಗಿ, ಮಗುವಾದ ಮೇಲೆ ನಾನು ಕನ್ನಡ ಬಿ.ಎ. ಕಟ್ಟಿದೆ. ಕೊನೆಯ ವರ್ಷದ ಪರೀಕ್ಷೆಯ ಹಿಂದಿನ ರಾತ್ರಿ ಮಗಳಿಗೆ ವಿಪರೀತ ಜ್ವರ. ಬೆಳಗಿನ ಬಸ್ಸಿಗೆ ನಾನು ಧಾರವಾಡಕ್ಕೆ ಹೊರಟೆ. ನನ್ನ ಹೆಂಡತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತಳು. ಮಗುವನ್ನು ಬಿಟ್ಟು ಹೊರಟೆಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಮಕ್ಕಳು ಮರಿ ಇದ್ದೂ ಓದುತ್ತಿದ್ದಾನೆ, ಮಾಷಾ ಅಲ್ಲಾಹ್ ಎಂದು ಹಿರಿಯರು ಬೆನ್ನು ತಟ್ಟಿದರು. ನಾನೂ ಹಿಗ್ಗಿದೆ. ಅಂದು ನನಗೆ ಪ್ರಶಂಸೆಯಾಗಿ ಬಂದ ಮಾತೇ ಈ ಸಹೋದರಿಯ ಮುಂದೆ ಆರೋಪವಾಗಿ ನಿಂತಿದೆ. ಮಕ್ಕಳು ಇಬ್ಬರಿಗೂ ಇದ್ದರು. ನನ್ನ ಮನೆಯಲ್ಲಿ ನನ್ನ ಪಾಲಿನ ಕೆಲಸ ಹೊರುವ ಇನ್ನೊಂದು ಜೀವವಿತ್ತು, ಅವರ ಮನೆಯಲ್ಲಿ ಇಲ್ಲ. ವ್ಯತ್ಯಾಸ ಇಷ್ಟೇ.

ಹಾಗಾದರೆ ಮಗುವನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಯೇ ತಪ್ಪೇ? ಖಂಡಿತ ಅಲ್ಲ. ಮಗು ಅಲ್ಲಾಹನ ಅಮಾನತ್ತು. ಅದರ ಹಸಿವು, ಭಯ, ನಿದ್ದೆ ನಮ್ಮ ಪರೀಕ್ಷೆಯ ವೇಳಾಪಟ್ಟಿಗಾಗಿ ಕಾಯುವುದಿಲ್ಲ. ತಾಯಿಯ ಓದಿನ ಹಂಬಲ ಎಷ್ಟೇ ಪವಿತ್ರವಾಗಿದ್ದರೂ ಮೂರು ವರ್ಷದ ಮಗುವನ್ನು ಬಾಗಿಲು ಹಾಕಿ ಒಳಗೆ ಒಂಟಿಯಾಗಿ ಬಿಟ್ಟು ಹೋಗುವುದನ್ನು ಯಾರೂ ಸರಿ ಎನ್ನಲಾರರು. ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ನಾವು ಅದನ್ನು ಯಾರಿಗೆ ಕೇಳುತ್ತಿದ್ದೇವೆ?

ಅಲ್‌ಬಕರಃ ಅಧ್ಯಾಯದ 233ನೇ ಸೂಕ್ತವನ್ನು ತೆರೆದು ನೋಡಿರಿ. ಮಗುವಿಗೆ ಹಾಲುಣಿಸುವ ತಾಯಿಯ ಅನ್ನ ವಸ್ತ್ರಗಳ ಹೊಣೆಯನ್ನು ಅಲ್ಲಿ ತಂದೆಯ ಮೇಲೆ ಹೊರಿಸಲಾಗಿದೆ. ಮಗುವಿನ ಕಾರಣದಿಂದ ತಾಯಿಯನ್ನಾಗಲಿ ತಂದೆಯನ್ನಾಗಲಿ ಸಂಕಟಕ್ಕೆ ಗುರಿಪಡಿಸಬಾರದೆಂದೂ, ತಂದೆ ಇಲ್ಲವಾದರೆ ವಾರೀಸುದಾರನ ಮೇಲೂ ಅಂಥದೇ ಹೊಣೆ ಇದೆಯೆಂದೂ ಅಲ್ಲಿ ಆಜ್ಞಾಪಿಸಲಾಗಿದೆ. ಇದು ಹಾಲುಣಿಸುವ ಸಂದರ್ಭದ ಮಾತು, ನೀನು ಅದನ್ನು ಎಸ್ಸೆಸ್ಸೆಲ್ಸಿಯವರೆಗೆ ಎಳೆಯುತ್ತಿದ್ದೀಯಾ ಎಂದು ಮದ್ರಸದ ನನ್ನ ಸಹಪಾಠಿಯೊಬ್ಬ ಆಕ್ಷೇಪಿಸಿದ. ಅವನ ಮಾತಿನಲ್ಲಿ ತಥ್ಯವಿದೆ. ಆದರೆ ಮಗುವನ್ನು ಮುಂದಿಟ್ಟುಕೊಂಡು ತಾಯಿಯನ್ನು ಹಿಂಸಿಸಬಾರದೆಂಬ ತತ್ವವು ಮಗು ಹಾಲು ಬಿಟ್ಟ ದಿನವೇ ಮುಗಿದುಹೋಗುತ್ತದೆಯೇ? ಅವನೂ ಉತ್ತರಿಸಲಿಲ್ಲ.

ಹನಫೀ ಫಿಕ್ಹ್‌ನಲ್ಲಿ ಇದರ ಲೆಕ್ಕವೂ ಇದೆ. ಸ್ವಂತ ಆಸ್ತಿಯಿಲ್ಲದ ತಬ್ಬಲಿ ಮಗುವಿಗೆ ತಾಯಿ ಮತ್ತು ತಂದೆಯ ತಂದೆ ಇದ್ದರೆ, ಖರ್ಚಿನ ಮೂರರಲ್ಲಿ ಒಂದು ಪಾಲು ತಾಯಿಯದು, ಎರಡು ಪಾಲು ಅಜ್ಜನದು. ನಾವು ಹುಡುಗರಾಗಿದ್ದಾಗ ಇದನ್ನು ಬಾಯಿಪಾಠ ಮಾಡಿ ಉಸ್ತಾದರ ಮುಂದೆ ಒಪ್ಪಿಸಿದ್ದೇವೆ. ಆದರೆ ಯಾವ ಮಯ್ಯತ್ತಿನ ಮನೆಯಲ್ಲಿ, ಯಾವ ಅಜ್ಜನಿಗೆ ಅಥವಾ ಚಿಕ್ಕಪ್ಪನಿಗೆ ಇದನ್ನು ಓದಿ ಹೇಳಿದ್ದೇವೆ? ಅಲ್ಲಿ ನಾವು ಹೇಳುವುದು ಒಂದೇ ಮಾತು, "ಸಬ್ರ್ ಮಾಡಮ್ಮಾ." ಸಬ್ರ್ ದೊಡ್ಡ ಗುಣ, ಸಂಶಯವಿಲ್ಲ. ಆದರೆ ತನ್ನ ಬಾಕಿ ತೀರಿಸಬೇಕಾದವನೇ ಸಾಲ ಕೊಟ್ಟವನಿಗೆ ಸಬ್ರ್ ಬೋಧಿಸಿದರೆ ಅದನ್ನು ಏನೆಂದು ಕರೆಯೋಣ?

ತಲಾಕ್ ಆದವರ ವಿಷಯದಲ್ಲಿ ದೇಶದ ಕಾನೂನೂ ಸ್ಪಷ್ಟವಾಗಿದೆ. ತಾಯಿಯ ಬಳಿ ಬೆಳೆಯುವ ಮಕ್ಕಳು ವಯಸ್ಕರಾಗುವವರೆಗೆ ಅವರ ಜೀವನಾಂಶ ಮುಸ್ಲಿಂ ತಂದೆಯ ಹೊಣೆಯೆಂದು ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ತೀರ್ಪಿತ್ತಿತು. ಇನ್ನು ದುಡಿಯಲು ಗೋವೆಗೆ ಹೋಗಿ, ತಲಾಕೂ ಕೊಡದೆ, ಮನೆಗೂ ಮರಳದೆ ಇರುವ ಗಂಡಂದಿರ ಹೆಂಡತಿಯರ ಪಾಡು ಹೇಳತೀರದು. ಅವರಿಗೆ ವಿಧವೆಯ ಅನುಕಂಪವೂ ಇಲ್ಲ, ಸುಮಂಗಲಿಯ ಸ್ಥಾನವೂ ಇಲ್ಲ.

ಮುಂದಿನ 234ನೇ ಸೂಕ್ತವನ್ನು ನಾವು ಸಾಮಾನ್ಯವಾಗಿ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನಗಳ ಎಣಿಕೆಗಷ್ಟೇ ಓದುತ್ತೇವೆ. ಅದರ ಕೊನೆಯ ಭಾಗದ ಕಡೆಗೆ ಗಮನ ಕೊಡುವವರು ಕಡಿಮೆ. ಅವಧಿ ಮುಗಿದ ಮೇಲೆ ಆ ಸ್ತ್ರೀಯರು ತಮ್ಮ ವಿಷಯದಲ್ಲಿ ಶಿಷ್ಟ ರೀತಿಯಲ್ಲಿ ಕೈಗೊಳ್ಳುವ ನಿರ್ಧಾರಕ್ಕೆ ನಿಮ್ಮ ಮೇಲೆ ದೋಷವಿಲ್ಲ ಎಂಬ ಆಶಯ ಅಲ್ಲಿದೆ. 'ನಿಮ್ಮ ಮೇಲೆ' ಎಂದರೆ ಯಾರ ಮೇಲೆ? ಸುತ್ತ ನಿಂತಿರುವ ನಮ್ಮ ಮೇಲೆ. ಅವಳ ತೀರ್ಮಾನದ ಪಾಪ ನಮಗೆ ತಟ್ಟೀತೆಂಬ ಭಯದಿಂದ ನಾವು ಅವಳ ಕಾವಲಿಗೆ ನಿಲ್ಲಬೇಕಾಗಿಲ್ಲ.

ಸಹೀಹ್ ಮುಸ್ಲಿಮ್‌ನಲ್ಲಿ ಜಾಬಿರ್(ರ)ರ ಚಿಕ್ಕಮ್ಮನ ಪ್ರಸಂಗ ಬರುತ್ತದೆ. ತಲಾಕ್ ಆಗಿ ಇನ್ನೂ ಇದ್ದತ್ತಿನಲ್ಲಿದ್ದ ಆಕೆ ತನ್ನ ಖರ್ಜೂರದ ಮರಗಳ ಫಲ ಕೀಳಲು ಹೊರಟಾಗ ಒಬ್ಬಾತ ಗದರಿಸಿದ. ಆಕೆ ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ಹೋದರು. ಅವರು ಹೋಗಿ ಕೀಳಲು ಅನುಮತಿಸಿದರು. ಅದರಿಂದ ಆಕೆ ದಾನವನ್ನೋ ಒಳಿತನ್ನೋ ಮಾಡಬಹುದೆಂದೂ ಹೇಳಿದರು. ಗದರಿಸಿದವನ ಹೆಸರು ಆ ವರದಿಯಲ್ಲಿಲ್ಲ. ಅವನು ಎಲ್ಲ ಊರಲ್ಲೂ ಇದ್ದಾನೆ ಬಿಡಿ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿರುವುದು ಇನ್ನೊಂದು ಹದೀಸ್. ನಮಾಝನ್ನು ದೀರ್ಘವಾಗಿ ನಿರ್ವಹಿಸಬೇಕೆಂದು ನಿಂತಿರುವಾಗ ಮಗುವಿನ ಅಳು ಕೇಳಿದರೆ, ಅದರ ತಾಯಿಗೆ ಕಷ್ಟವಾದೀತೆಂದು ತಾನು ನಮಾಝನ್ನು ಚಿಕ್ಕದಾಗಿಸುತ್ತೇನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಇದು ಬುಖಾರಿಯಲ್ಲಿದೆ. ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಮಗು ಅತ್ತಿತು. ತಾಯಿ ಮಸೀದಿಯಲ್ಲಿದ್ದಳು. ಮಗುವಿದ್ದವಳಿಗೆ ಇಲ್ಲೇನು ಕೆಲಸ ಎನ್ನಲಿಲ್ಲ. ಬದಲಾದದ್ದು ಜಮಾಅತ್. ಇಮಾಮರು ತಮ್ಮ ಕಿರಾಅತನ್ನು ಮೊಟಕುಗೊಳಿಸಿದರು. ಹಿಂದೆ ನಿಂತ ಸಾಲು ಸಾಲು ಗಂಡಸರ ನಮಾಝ್ ಒಂದು ಮಗುವಿನ ಅಳುವಿಗೆ ತಕ್ಕಂತೆ ಅಳತೆ ಬದಲಿಸಿಕೊಂಡಿತು. ನಮಾಝಿಗಿಂತ ದೊಡ್ಡದು ನಮ್ಮ ಯಾವ ಸಂಸ್ಥೆಯ ವೇಳಾಪಟ್ಟಿ?

ಮರುಮದುವೆ ಮಾಡಿಕೊಳ್ಳಲಿ, ಎಲ್ಲ ಸರಿಯಾಗುತ್ತದೆ ಎನ್ನುವವರೂ ಇದ್ದಾರೆ. ವಿಧವೆಯ ವಿವಾಹ ಸುನ್ನತ್ತು, ಅದಕ್ಕೆ ಎರಡು ಮಾತಿಲ್ಲ. ಆದರೆ ಹೆಂಡತಿ ತೀರಿಕೊಂಡ ಗಂಡಸಿಗೆ ನಲವತ್ತು ದಿನ ತುಂಬುವ ಮೊದಲೇ ಸಂಬಂಧ ಹುಡುಕುವ ನಾವು ಎರಡು ಮಕ್ಕಳ ತಾಯಿಗೆ ಹುಡುಕಿದ್ದೆಷ್ಟು? ಉಹುದ್‌ನ ಗಾಯದಿಂದ ಪತಿ ಅಬೂ ಸಲಮಃ(ರ) ತೀರಿಕೊಂಡಾಗ ಉಮ್ಮು ಸಲಮಃ(ರ)ರಿಗೆ ಚಿಕ್ಕ ಮಕ್ಕಳಿದ್ದರು. ಪ್ರವಾದಿವರ್ಯರ(ಸ) ವಿವಾಹ ಪ್ರಸ್ತಾಪ ಬಂದಾಗ ಅವರು ಅಡ್ಡಿಯಾಗಿ ಹೇಳಿಕೊಂಡದ್ದರಲ್ಲಿ ಆ ಮಕ್ಕಳೂ ಒಂದು. ಮಕ್ಕಳ ಹೊಣೆಯನ್ನು ಪ್ರವಾದಿವರ್ಯರು(ಸ) ವಹಿಸಿಕೊಂಡರು. ಆ ತಾಯಿ ಮುಂದೆ ಮುನ್ನೂರಕ್ಕೂ ಹೆಚ್ಚು ಹದೀಸ್‌ಗಳ ವರದಿಗಾರರಾದರು, ಸಹಾಬಿಗಳು ಮಸ್‌ಅಲಃ ಕೇಳಲು ಬರುವಂಥ ವಿದ್ವಾಂಸೆಯಾದರು. ಮಗಳು ಝೈನಬ್(ರ) ಮದೀನದ ಸ್ತ್ರೀಯರಲ್ಲಿ ಫಿಕ್ಹ್ ಬಲ್ಲವರೆಂದು ಹೆಸರು ಪಡೆದರು. ತಾಯಿ ಕಲಿತದ್ದರಿಂದ ಆ ಮಗು ಕಳೆದುಕೊಂಡದ್ದೇನು?

ನಮ್ಮ ಸೀಮೆಯ ಒಂದು ಉದಾಹರಣೆಯನ್ನೂ ಹೇಳುತ್ತೇನೆ. ಕಾರ್ಕಳ ಬಳಿಯ ಮಾಳದ ಮೂಲದ ಪಂಡಿತಾ ರಮಾಬಾಯಿ 1882ರಲ್ಲಿ ವಿಧವೆಯಾದರು. ಮರುವರ್ಷವೇ ಎರಡು ವರ್ಷದ ಮಗಳು ಮನೋರಮೆಯನ್ನು ಕರೆದುಕೊಂಡು ಓದಲು ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯಕೀಯ ಓದುವ ಆಸೆ ಕಿವಿಯ ದೋಷದಿಂದ ಈಡೇರಲಿಲ್ಲ. ಅವರ ಧರ್ಮದ ದಾರಿ ಬೇರೆ, ಅದು ಇಲ್ಲಿನ ವಿಷಯವಲ್ಲ. ಆ ಮಗಳು ಬೆಳೆದು, ಪದವಿ ಪಡೆದು, ತಾಯಿಯ ಶಾಲೆಯನ್ನೇ ನಡೆಸಿದಳು. ಮುಂಡಗೋಡಿನವರಿಗಂತೂ ದೊಡ್ಡವರು ಓದುವುದು ಹೊಸ ದೃಶ್ಯವೇ ಅಲ್ಲ. 2016ರ ಡಿಸೆಂಬರ್‌ನಲ್ಲಿ ಅಲ್ಲಿನ ಟಿಬೆಟಿಯನ್ ಶಿಬಿರದಲ್ಲಿ 20 ಮಂದಿ ಸನ್ಯಾಸಿನಿಯರಿಗೆ ಅವರ ಪರಂಪರೆಯ ಅತ್ಯುನ್ನತ ಪದವಿ ಮೊದಲ ಬಾರಿಗೆ ನೀಡಲಾಯಿತು. ಅದು ವರ್ಷಾನುಗಟ್ಟಲೆ ಓದಿ ಗಳಿಸುವ ಪದವಿ. ಅವರಿಗೆ ಮಕ್ಕಳ ಹೊಣೆಯಿಲ್ಲ, ನಿಜ. ಜೊತೆಗೆ ಅವರ ಊಟ, ವಸತಿ, ಸಮಯ ಎಲ್ಲವನ್ನೂ ಮಠ ನೋಡಿಕೊಳ್ಳುತ್ತದೆ.

ನಮ್ಮಲ್ಲಿ ಜಮಾಅತ್ ಏನು ಕೊಡುತ್ತದೆ? ಹೊಲಿಗೆ ಯಂತ್ರ. ಅದನ್ನು ನಾನು ಹೀಗಳೆಯುತ್ತಿಲ್ಲ, ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತಿದೆ. ಆದರೆ ಒಂದೇ ಓಣಿಯಲ್ಲಿ ಐದು ಯಂತ್ರಗಳಾದರೆ ರವಿಕೆ ಹೊಲಿಸುವವರು ಎಲ್ಲಿಂದ ಬರಬೇಕು? ಅಂಗನವಾಡಿ ಕಾರ್ಯಕರ್ತೆಯ ಕೆಲಸಕ್ಕೆ ಒಂದು ಕಾಲಕ್ಕೆ ಎಸ್ಸೆಸ್ಸೆಲ್ಸಿ ಸಾಕಿತ್ತು, ಈಗ ಪಿಯುಸಿ ಕೇಳುತ್ತಾರೆ. ಓದಿನ ದಾರಿ ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ವಯಸ್ಸಿನ ಮಿತಿಯಿಲ್ಲದೆ ಹತ್ತನೆಯ ತರಗತಿಗೆ ಸೇರಬಹುದು. ಐದು ವಿಷಯಗಳು, ಐದು ವರ್ಷಗಳ ಕಾಲಾವಕಾಶ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ, ಉರ್ದು ಮಾಧ್ಯಮವೂ ಇದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಖರ್ಚಿಲ್ಲ. ಆದರೆ ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಲ್ಲಿ ಟಿಕೆಟ್ಟು ಉಚಿತವಾದರೇನು, ಬಸ್ಸು ಬರಬೇಕಲ್ಲ! ಹಳಿಯಾಳ ತಾಲೂಕಿನ ನಮ್ಮ ಸಿದ್ದಿ ಸಹೋದರಿಯರನ್ನು ಕೇಳಿ ನೋಡಿರಿ, ಕೂಲಿ ಮುಗಿಸಿ, ನೀರು ಸೌದೆ ಮುಗಿಸಿ ಉಳಿಯುವ ಹೊತ್ತು ಎಷ್ಟೆಂದು.

ಆದ್ದರಿಂದ ಆ ಸಹೋದರಿಗೆ ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ದಿನಕ್ಕೆ ಎರಡು ಗಂಟೆ. ಮಗು ಸುರಕ್ಷಿತವಾಗಿ ಎಲ್ಲೋ ಆಡಿಕೊಂಡಿರುವ ಎರಡು ಗಂಟೆ.

ಒಂದು ವಾರದ ಬಳಿಕ ಅವರನ್ನು ಕರೆಸಿ, ಅಲ್ಲಾಹನು ಕೇಳುತ್ತಾನೆ, ಆದರೆ ನಿಮ್ಮೊಬ್ಬರನ್ನೇ ಕೇಳುವುದಿಲ್ಲ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಅವರು ನಗಲಿಲ್ಲ, ಅಳಲೂ ಇಲ್ಲ. "ಹಾಗಾದರೆ ಅಸರ್‌ನಿಂದ ಮಗ್ರಿಬ್‌ವರೆಗೆ ಇವಳನ್ನು ಎಲ್ಲಿ ಬಿಡಲಿ ಹಜರತ್?" ಎಂದರು. ನನ್ನ ಹೆಂಡತಿ ಒಳಗಿನಿಂದ, "ಇಲ್ಲಿ ಬಿಡಲಿ" ಎಂದಳು. ನನ್ನ ಪರೀಕ್ಷೆಯ ದಿನ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದವಳು ಅವಳೇ.

ಈಗ ಅವರೊಂದಿಗೆ ಇನ್ನೂ ಮೂವರು ತಾಯಂದಿರು ಕೇಳುತ್ತಿದ್ದಾರೆ. ನಮ್ಮ ಮನೆಯ ಪಡಸಾಲೆ ಅಷ್ಟು ಮಕ್ಕಳಿಗೆ ಸಾಲದು. ಮದ್ರಸದ ಮೇಲಿನ ಕೋಣೆ ಬೆಳಗಿನ ಪಾಠ ಮುಗಿದ ಮೇಲೆ ದಿನವಿಡೀ ಬೀಗ ಹಾಕಿಕೊಂಡು ಬಿದ್ದಿರುತ್ತದೆ. ಕಮಿಟಿಯವರನ್ನು ಬೀಗದಕೈ ಕೇಳಿದೆ. ನೋಡೋಣ, ಸಭೆಯಲ್ಲಿ ಇಡೋಣ ಎಂದಿದ್ದಾರೆ. ಸಭೆ ಬರುವ ಶುಕ್ರವಾರ ಜುಮುಅಃ ಬಳಿಕ.