ಕೃಪಾಚಾರ್ಯನ ಧರ್ಮಸಂಕಟ

ರಾತ್ರಿಯೆಲ್ಲ ಜನರ ಕಣ್ಣೆದುರಿಗೇ ನಡೆಯುವ 'ಕುರುಕ್ಷೇತ್ರ' ನಾಟಕವು ಹಳೆಯ ಮೈಸೂರು ಸೀಮೆಯ ಯಾವ ಊರಿಗೂ ಹೊಸದಲ್ಲ. ಕಡೂರು ತಾಲ್ಲೂಕಿನ ಪಂಚನಹಳ್ಳಿಯಂತಹ ಗ್ರಾಮಗಳಿಗೂ ಅಪರಿಚಿತವಲ್ಲ. 1988ರ ಅಕ್ಟೋಬರ್ 2ರಿಂದ ದೂರದರ್ಶನವು ಅದೇ ಕಥೆಯನ್ನು ಮನೆಯ ನಡುಮನೆಗೇ ತಂದಿತು. ಭೀಮನ ಗದೆಯು ಸುಯೋಧನನ ತೊಡೆಗೆ ಬಿದ್ದೊಡನೆ ಪ್ರೇಕ್ಷಕರ ಮನಸ್ಸು ನಿಶ್ಚಿಂತವಾಗುವುದುಂಟು. ಆದರೆ ಯುದ್ಧದ ಕಠಿನತಮವಾದ ಪ್ರಶ್ನೆಯು ಆ ಮೇಲಿನ ರಾತ್ರಿಯಲ್ಲಿ, ಸೌಪ್ತಿಕಪರ್ವದಲ್ಲಿ, ಇರುವುದು.

ಆಲದ ಮರದಡಿಯಲ್ಲಿ ಮೂವರು ಉಳಿದಿದ್ದಾರೆ: ಅಶ್ವತ್ಥಾಮ, ಕೃತವರ್ಮ, ಕೃಪ. ಮಲಗಿದ್ದ ಕಾಗೆಗಳನ್ನು ಗೂಗೆಯೊಂದು ಕೊಲ್ಲುವುದನ್ನು ಕಂಡು ಅಶ್ವತ್ಥಾಮನಿಗೆ ಉಪಾಯವು ಹೊಳೆಯುತ್ತದೆ. ನಿದ್ರಿತರನ್ನೂ ನಿರಾಯುಧರನ್ನೂ ಕೊಲ್ಲುವುದು ಧರ್ಮವಲ್ಲವೆಂದೂ, ಈ ರಾತ್ರಿ ವಿಶ್ರಮಿಸಿ ಬೆಳಗ್ಗೆ ಹೋರಾಡೋಣವೆಂದೂ ಸೋದರಮಾವನಾದ ಕೃಪನು ಬುದ್ಧಿ ಹೇಳುತ್ತಾನೆ. ಅಳಿಯನ ಉತ್ತರವೂ ಹುರುಳಿಲ್ಲದ್ದಲ್ಲ. ಶಸ್ತ್ರವನ್ನಿಟ್ಟ ದ್ರೋಣನನ್ನು ಕೊಂದವರು ಯಾರು? ರಥಚಕ್ರವು ಹೂತುಹೋದಾಗ ಕರ್ಣನನ್ನು ಕೊಂದವರು ಯಾರು? ಧರ್ಮದ ಕಟ್ಟೆಯನ್ನು ಅವರೇ ಮೊದಲು ಒಡೆದಿರಲು, ಅದನ್ನು ಕಾಯುವ ಹೊಣೆ ಇವನೊಬ್ಬನಿಗೇ ಏಕೆ?

ಈ ವಾದದಲ್ಲಿ ಹೇಳಿದ ಸಂಗತಿಗಳೆಲ್ಲ ನಿಜ. ನಿರ್ಣಯ ಮಾತ್ರ ಸುಳ್ಳು. ಎದುರಾಳಿಯು ನಡೆದುಕೊಂಡಂತೆ ನಡೆಯುವುದಾದರೆ ಅದು ಒಪ್ಪಂದವಾದೀತೇ ಹೊರತು ಧರ್ಮವಾಗದು. ಮೇಲಾಗಿ, ಆ ರಾತ್ರಿ ಸತ್ತ ದ್ರೌಪದಿಯ ಐವರು ಮಕ್ಕಳು ದ್ರೋಣನ ತಲೆಯನ್ನು ಕಡಿದವರಲ್ಲವಷ್ಟೆ.

ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ಸೊಫೋಕ್ಲೀಸನ ಏಜಾಕ್ಸ್ ನಾಟಕವನ್ನು ಅನುಸರಿಸಿ 1929ರಲ್ಲಿ 'ಅಶ್ವತ್ಥಾಮನ್' ಎಂಬ ರುದ್ರನಾಟಕವನ್ನು ರಚಿಸಿದರು. ಚಿರಂಜೀವಿಯೆಂದು ಪ್ರಸಿದ್ಧನಾದವನಿಗೆ ಅಲ್ಲಿ ಮರಣವನ್ನು ಕಲ್ಪಿಸಿದ್ದನ್ನು ಹಲವರು ಆಕ್ಷೇಪಿಸಿದ್ದುಂಟು. ಕೋಪೋನ್ಮತ್ತನಾದ ಅಶ್ವತ್ಥಾಮನು ನಾಟಕಕ್ಕೆ ಒದಗುವ ಪಾತ್ರವೇ ಸರಿ. ಆದರೆ ವಿದ್ಯಾವಂತರ ಮನೆಗಳಲ್ಲಿ ಹೆಚ್ಚು ಚಿಂತಿಸಬೇಕಾದವನು ಕೃಪ. ಅವನಿಗೆ ಕೋಪವಿರಲಿಲ್ಲ, ಭ್ರಾಂತಿಯಿರಲಿಲ್ಲ. ಧರ್ಮವಾವುದೆಂದು ಅರಿತಿದ್ದನು, ಬಾಯಿಬಿಟ್ಟು ಹೇಳಿಯೂ ಇದ್ದನು. ಮಾತು ನಡೆಯದೆ ಹೋದಾಗ ಮಾತ್ರ ಎದ್ದು ರಥವನ್ನೇರಿದನು. ಒಳಗೆ ಹೋದವನು ಅಶ್ವತ್ಥಾಮ. ಕೃತವರ್ಮನೊಡನೆ ಪಾಳೆಯದ ಬಾಗಿಲಲ್ಲಿ ನಿಂತು, ಬೆದರಿ ಓಡಿಬಂದವರನ್ನು ಕಡಿದವನೂ, ಶಿಬಿರಕ್ಕೆ ಮೂರು ಕಡೆ ಬೆಂಕಿಯಿಟ್ಟವನೂ ಕೃಪ. ತಡೆದು ಆಡಿದ ಮಾತು ಅವನ ಪಾಪವನ್ನು ಕಡಿಮೆ ಮಾಡಿತೆ, ಹೆಚ್ಚಿಸಿತೆ? ಅರಿಯದೆ ಮಾಡಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುವುದು ಸುಲಭ. ಅರಿತು, ಹೇಳಿ, ಆಮೇಲೆ ಜೊತೆಗೂಡಿದವನ ವಿಷಯದಲ್ಲಿ ನಿರ್ಣಯವು ಅಷ್ಟು ಸುಲಭವಲ್ಲ. ಬಂಧುವನ್ನು ಒಂಟಿಯಾಗಿ ಬಿಡಲಾರೆನೆಂಬ ಮಮತೆಯೇ ಅವನನ್ನು ಎಳೆದಿರಬೇಕು. ಮಮತೆ ಸದ್ಗುಣವಾದುದರಿಂದಲೇ ಅದರ ಸೆಳೆತವನ್ನು ಗುರುತಿಸುವುದು ಕಷ್ಟ.

ಅಶ್ವತ್ಥಾಮನು ಶಿರೋಮಣಿಯನ್ನು ಕಳೆದುಕೊಂಡು ಕಾಡುಪಾಲಾದನು. ಕೃಪನಿಗೆ ಯಾವ ಶಿಕ್ಷೆಯೂ ಆಗಲಿಲ್ಲ. ಹಸ್ತಿನಾವತಿಗೆ ಮರಳಿದನು, ಅಳಿಯನ ಅಸ್ತ್ರವು ಗರ್ಭದಲ್ಲೇ ಸುಟ್ಟಿದ್ದ ಪರೀಕ್ಷಿತನನ್ನು ಕೃಷ್ಣನು ಬದುಕಿಸಿದ ಮೇಲೆ, ಆ ಬಾಲಕನಿಗೇ ಗುರುವಾಗಿ ನೇಮಕಗೊಂಡನು.