ಕರೆದವರ ಹೊಣೆ

ನಾನು ಚಿಕ್ಕವನಿದ್ದಾಗ ಭದ್ರಾವತಿ ಬಂತೆಂದು ತಿಳಿಯಲು ಸ್ಟೇಷನ್ನಿನ ಬೋರ್ಡು ಓದಬೇಕಿರಲಿಲ್ಲ. ಮೂಗೇ ಹೇಳುತ್ತಿತ್ತು. ಕಾಗದದ ಕಾರ್ಖಾನೆಯಲ್ಲಿ ಮರದ ತಿರುಳು ಬೇಯಿಸುವಾಗ ಏಳುವ, ಕೊಳೆತ ಕೋಸಿನಂಥ ವಾಸನೆ ಅದು. ರಜೆಗೆ ಬರುತ್ತಿದ್ದ ಬೆಂಗಳೂರಿನ ಚಿಕ್ಕಪ್ಪನ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ಅಪ್ಪ, "ಅದು ಸಾವಿರಾರು ಮನೆಯ ಅನ್ನದ ವಾಸನೆ ಕಣೋ, ಮೂಗು ಮುಚ್ಕೋಬಾರ್ದು" ಎಂದಿದ್ದರು.

ಈಗ ಆ ವಾಸನೆ ಇಲ್ಲ. ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಊರಿನ ಗಾಳಿ ಚೆನ್ನಾಗಿದೆ, ಪೇಪರ್ ಟೌನಿನ ಕ್ವಾರ್ಟರ್ಸುಗಳ ಗೋಡೆಯಲ್ಲಿ ಅರಳಿ ಗಿಡ ಹುಟ್ಟಿದೆ. ಹೋದ ವರ್ಷ ಅಪ್ಪನ ಮನೆಯನ್ನು ಮಾರುವುದೋ ಬೇಡವೋ ಎಂದು ತೀರ್ಮಾನಿಸಲು ಹೋದಾಗ, ಪಕ್ಕದ ಮನೆಯ ಹಿರಿಯರು (ಅಪ್ಪನ ಜೊತೆ ಒಂದೇ ಶಿಫ್ಟಿನಲ್ಲಿ ದುಡಿದವರು) ಹೇಳಿದರು: "ಮಾರೋದಾದ್ರೆ ಈಗ್ಲೇ ಮಾರಪ್ಪ. ಇನ್ನೈದು ವರ್ಷ ಬಿಟ್ರೆ ಕೇಳೋರೂ ಇರಲ್ಲ." ಸ್ವಲ್ಪ ತಡೆದು, "ಊರು ಉಳಿಯುತ್ತೆ ಅಂತ ಅನ್ಸಿದ್ರೆ ಇಟ್ಕೋ" ಎಂದರು.

ಅವರು ಕೇಳಿದ್ದು ಮನೆಯ ಬಗ್ಗೆ. ನನಗೆ ಮಾತ್ರ ಮುಂಬೈಗೆ ವಾಪಸು ಬರುವ ದಾರಿಯುದ್ದಕ್ಕೂ ಇನ್ನೊಂದು ಪ್ರಶ್ನೆ ಕಾಡಿತು. ಊರು ಉಳಿಯುವುದು ಎಂದರೆ ಏನು ಉಳಿಯುವುದು? ನೆಲವೋ, ಕಾರ್ಖಾನೆಯೋ, ಅಲ್ಲಿದ್ದ ಜನವೋ?

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಆ ಹೆಸರಿಗೆ ತಕ್ಕ ಬೆಂಕಿ ಬಂದದ್ದು 1923ರಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಾಗ. ನಮ್ಮ ಸೀಮೆಯಲ್ಲಿ ಕಲ್ಲಿದ್ದಲಿರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಇಷ್ಟನ್ನೇ ನಂಬಿ ಕಬ್ಬಿಣ ಕರಗಿಸಲು ಹೊರಟದ್ದು ಅಂದಿನ ಲೆಕ್ಕದಲ್ಲಿ ದೊಡ್ಡ ಸಾಹಸ. ಮೊದಲ ಮಹಾಯುದ್ಧದ ನಂತರ ಬೀಡು ಕಬ್ಬಿಣದ ಬೆಲೆ ಕುಸಿದು, ಕಾರ್ಖಾನೆ ಹುಟ್ಟಿನಿಂದಲೇ ನಷ್ಟದಲ್ಲಿತ್ತು. ಸಂಸ್ಥಾನಕ್ಕೆ ಇದೊಂದು ಬಿಳಿಯಾನೆ ಎಂದು ಟೀಕಿಸಿದವರು ಅನೇಕರು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು, 1929ರವರೆಗೆ ಇದ್ದು, ಖರ್ಚು ಬಿಗಿಹಿಡಿದು ಅದನ್ನು ದಡ ಮುಟ್ಟಿಸಿದರು. ಮುಂದೆ ಎರಕದ ಪೈಪು, ಉಕ್ಕು, ಸಿಮೆಂಟು, ಕೊನೆಗೆ ವಿಶೇಷ ಮಿಶ್ರಲೋಹದ ಉಕ್ಕು ಎಂದು ಕಾರ್ಖಾನೆ ಹಲವು ಬಾರಿ ವೇಷ ಬದಲಿಸಿತು. ಅಂದರೆ ಭದ್ರಾವತಿಯ ಪುನರುಜ್ಜೀವನ ಹೊಸ ವಿಷಯವೇನಲ್ಲ, ಅದು ಹುಟ್ಟಿದಾಗಿನಿಂದ ನಡೆದು ಬಂದದ್ದೇ ಹಾಗೆ.

ಕಾರ್ಖಾನೆ 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸ್ವಂತ ಗಣಿಯಿಲ್ಲ, ಬಂದರು ದೂರ, ಯಂತ್ರ ಹಳತು, ಹೊಸ ಬಂಡವಾಳ ಬರಲಿಲ್ಲ. ಮಾರಲು ಹೊರಟರೆ ಕೊಳ್ಳುವವರು ಸಿಗಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ತಿಂಗಳುಗಟ್ಟಲೆ ಕೂತರು. ಅವರು ಹಾಗೆ ಕೂತಿರುವಾಗಲೇ, ಫೆಬ್ರವರಿ 27ರಂದು, ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಒಂದೇ ಜಿಲ್ಲೆಯ ಅಕ್ಕಪಕ್ಕದಂತಿರುವ ಜಾಗದಲ್ಲಿ ಒಂದು ಬಾಗಿಲು ತೆರೆಯಿತು, ಇನ್ನೊಂದು ಮುಚ್ಚತೊಡಗಿತು. ಅದೇ ವರ್ಷ ಹೋರಾಟದ ಒತ್ತಡಕ್ಕೆ ರೋಲಿಂಗ್ ವಿಭಾಗ ಮತ್ತೆ ತಿರುಗಿತು. ಆದರೆ ಕಾರ್ಖಾನೆ ಉಸಿರಾಡುವುದಕ್ಕೂ ಊರು ಬದುಕುವುದಕ್ಕೂ ವ್ಯತ್ಯಾಸವಿದೆ.

ನನ್ನ ವೃತ್ತಿಯಲ್ಲಿ ಇಂಥ ಪ್ರಶ್ನೆಗೆ ಸಿದ್ಧ ಉತ್ತರವಿದೆ. ಹಳೆಯ ಸಿಸ್ಟಮ್ಮನ್ನು ನಡೆಸುವ ಖರ್ಚು ಹೆಚ್ಚಾದರೆ ಅದರ ಬಳಕೆದಾರರನ್ನು ಹೊಸ ಸಿಸ್ಟಮ್ಮಿಗೆ ದಾಟಿಸಿ, ಹಳೆಯದನ್ನು ಆಫ್ ಮಾಡುವುದು. ಊರಿನ ವಿಷಯದಲ್ಲೂ ಅರ್ಥಶಾಸ್ತ್ರ ಬಲ್ಲ ಅನೇಕರು ಇದನ್ನೇ ಹೇಳುತ್ತಾರೆ: ಜಾಗಕ್ಕೆ ದುಡ್ಡು ಸುರಿಯಬೇಡಿ, ಜನರಿಗೆ ಸಹಾಯ ಮಾಡಿ. ಕೆಲಸ ಇರುವ ಕಡೆಗೆ ಅವರು ಹೋಗಲಿ. ಕೇಳಲು ಇದು ಮಾನವೀಯವಾಗಿಯೇ ಇದೆ. ನಾವೆಲ್ಲ ಮಾಡಿದ್ದೂ ಅದನ್ನೇ ಅಲ್ಲವೇ?

ಕೆಲವು ವರ್ಷಗಳ ಹಿಂದೆ ನಾನೇ ಅಂಥದೊಂದು ಕಡತ ತಯಾರಿಸಿದೆ. ನಾನಿದ್ದ ಸಂಸ್ಥೆಗೆ ಒಂದು ಸಣ್ಣ ನಗರದಲ್ಲಿ ನಲವತ್ತು ಜನರ ಕಚೇರಿಯಿತ್ತು. ಅದನ್ನು ಮುಚ್ಚಿ ಎಲ್ಲರಿಗೂ ದೊಡ್ಡ ನಗರದಲ್ಲಿ ಕೆಲಸ ಕೊಡುವುದು ಲಾಭಕರ ಎಂದು ಹದಿನಾಲ್ಕು ಸ್ಲೈಡುಗಳಲ್ಲಿ ತೋರಿಸಿದೆ. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಎಲ್ಲರಿಗೂ ವರ್ಗಾವಣೆಯ ಪತ್ರ ಕೊಟ್ಟೆವು. ಇಪ್ಪತ್ತಾರು ಜನ ಬಂದರು, ಹದಿನಾಲ್ಕು ಜನ ಬರಲಿಲ್ಲ. ಬಾರದವರಲ್ಲಿ ಹೆಚ್ಚಿನವರು ಹೆಂಗಸರು: ವಯಸ್ಸಾದ ಅತ್ತೆ ಮಾವ, ಶಾಲೆಗೆ ಹೋಗುವ ಮಕ್ಕಳು, ಊರಲ್ಲೇ ಅಂಗಡಿಯಿಟ್ಟ ಗಂಡ. ವರದಿಯಲ್ಲಿ ನಾನು ಅವರನ್ನು 'ಸ್ವಇಚ್ಛೆಯಿಂದ ನಿರ್ಗಮಿಸಿದವರು' ಎಂದು ಬರೆದೆ. ಆ ಪದ ಸುಳ್ಳಲ್ಲ. ನಿಜವೂ ಅಲ್ಲ.

'ಜನ ಹೋಗಲಿ' ಎಂಬ ವಾದದ ದೋಷ ಇಲ್ಲಿದೆ. ಹೋಗಬಲ್ಲವರು ಹೋಗುತ್ತಾರೆ: ಓದಿದವರು, ವಯಸ್ಸಿನವರು, ಕೈಯಲ್ಲಿ ಒಂದಿಷ್ಟು ಕಾಸಿದ್ದವರು. ನನ್ನಂಥವರು. ಉಳಿದವರಿಗೆ ಊರು ಇನ್ನಷ್ಟು ಬಡವಾಗುತ್ತದೆ, ಯಾಕೆಂದರೆ ಹೋದವರೇ ಅಲ್ಲಿನ ಟ್ಯೂಷನ್ ಮೇಷ್ಟರು, ಔಷಧಿ ಅಂಗಡಿಯ ಗಿರಾಕಿ, ಗಣಪತಿ ಸಮಿತಿಯ ಕಾರ್ಯದರ್ಶಿ ಆಗಿರುತ್ತಿದ್ದರು. ಒಬ್ಬೊಬ್ಬರ ಸರಿಯಾದ ತೀರ್ಮಾನಗಳನ್ನೆಲ್ಲ ಕೂಡಿಸಿದರೆ ಊರಿಗೆ ಅನ್ಯಾಯ ಎಂಬ ಮೊತ್ತ ಬರುತ್ತದೆ. ಇದರಲ್ಲಿ ತಪ್ಪಿತಸ್ಥರು ಯಾರೂ ಇಲ್ಲ, ಆದರೆ ತಪ್ಪು ಮಾತ್ರ ಕಣ್ಣೆದುರಿಗಿದೆ.

ಹಾಗಾದರೆ ಜಾಗವನ್ನು ಉಳಿಸಿದರೆ ಸಾಕೇ? ಇದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಿಲ್ಲ, ಆಫೀಸಿನ ಕಿಟಕಿಯಿಂದ ನೋಡಿದರೆ ಸಾಕು. ನಾನು ಕೆಲಸ ಮಾಡುವುದು ಲೋವರ್ ಪರೇಲ್‌ನಲ್ಲಿ, ಗಿರಣಗಾಂವ್ ಎನಿಸಿಕೊಂಡಿದ್ದ ನೆಲದಲ್ಲಿ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರ ನಿಯಮದಂತೆ ಗಿರಣಿಯ ನೆಲವನ್ನು ಬೇರೆ ಬಳಕೆಗೆ ಬಿಡುವಾಗ ಸರಿಸುಮಾರು ಮೂರು ಪಾಲು ಮಾಡಬೇಕಿತ್ತು: ಒಂದು ಪಾಲು ಊರಿನ ಬಯಲಿಗೆ, ಒಂದು ಸಾರ್ವಜನಿಕ ವಸತಿಗೆ, ಒಂದು ಮಾಲೀಕರಿಗೆ. 2001ರಲ್ಲಿ ನಿಯಮ ತಿದ್ದಿದರು. ಹಂಚಿಕೆ ಕಟ್ಟಡವಿಲ್ಲದ ಖಾಲಿ ನೆಲಕ್ಕಷ್ಟೇ ಅನ್ವಯ ಎಂದಾಯಿತು. ಗಿರಣಿಯಲ್ಲಿ ಖಾಲಿ ನೆಲ ಎಷ್ಟಿರುತ್ತದೆ? ಸುಪ್ರೀಂ ಕೋರ್ಟು 2006ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಂದು ಇಲ್ಲಿ ಮಾಲು, ಗಾಜಿನ ಗೋಪುರಗಳು, ಮುನ್ನೂರು ರೂಪಾಯಿಯ ಕಾಫಿ. ಹಳೆಯ ಕಾರ್ಮಿಕರು ಲಾಟರಿಯಲ್ಲಿ ಮನೆ ಸಿಕ್ಕೀತೇ ಎಂದು ಕಾದರು. ಪರೇಲ್ 'ಪುನರುಜ್ಜೀವನ'ಗೊಂಡಿದೆ ಎಂದು ಯಾವ ಅಂಕಿಅಂಶ ಬೇಕಾದರೂ ಹೇಳುತ್ತದೆ. ನೆಲ ಉಳಿಯಿತು, ಊರು ಹೋಯಿತು.

ವಿದೇಶದ ಮಾದರಿ ಎಂದು ಎಲ್ಲರೂ ತೋರಿಸುವ ಪಿಟ್ಸ್‌ಬರ್ಗ್ ಕೂಡ ಸರಳ ಕಥೆಯಲ್ಲ. ಉಕ್ಕು ಹೋದ ಮೇಲೆ ವಿಶ್ವವಿದ್ಯಾಲಯ, ಆಸ್ಪತ್ರೆ, ರೋಬೋಟಿಕ್ಸ್ ಅದನ್ನು ಎತ್ತಿ ನಿಲ್ಲಿಸಿದವು, ನಿಜ. ಆದರೆ 1950ರಲ್ಲಿ ಸುಮಾರು 6.8 ಲಕ್ಷವಿದ್ದ ಅದರ ಜನಸಂಖ್ಯೆ 2020ರಲ್ಲಿ 3 ಲಕ್ಷ. ಆ ಗೆಲುವಿನ ಕಥೆಯನ್ನು ಹೇಳುವವರು ಉಳಿದವರು ಮತ್ತು ಹೊಸದಾಗಿ ಬಂದವರು.

ನಾನು ತಲುಪಿದ ನಿಲುವು ಇದು. ಭದ್ರಾವತಿಯಂಥ ಊರು ತಾನಾಗಿ ಬೆಳೆದ ಸಂತೆಯೂರಲ್ಲ. ಸರ್ಕಾರವೊಂದು ಕರೆದದ್ದರಿಂದ ಆದ ಊರು. ತಮಿಳುನಾಡಿನಿಂದ, ಆಂಧ್ರದಿಂದ, ಕೇರಳದಿಂದ, ನಮ್ಮದೇ ಬಯಲುಸೀಮೆಯಿಂದ ಜನ ಬಂದರು. ನನ್ನ ಅಜ್ಜ ಚನ್ನಗಿರಿ ಕಡೆಯ ಎರಡೆಕರೆ ಖುಷ್ಕಿ ಜಮೀನನ್ನು ತಮ್ಮನಿಗೆ ಬಿಟ್ಟು ಬಂದವರು. ಬಾ, ಕೆಲಸವಿದೆ, ಮನೆಯಿದೆ, ಮಕ್ಕಳಿಗೆ ಶಾಲೆಯಿದೆ ಎಂಬುದು ಬರೆದುಕೊಟ್ಟ ಕರಾರಲ್ಲದಿರಬಹುದು, ಆದರೆ ಮಾತಂತೂ ಹೌದು. ಯಾವ ಕಾರ್ಖಾನೆಯೂ ಶಾಶ್ವತವಲ್ಲ, ಕುಲುಮೆ ಆರಬಹುದು. ಆದರೆ ಕರೆದು ಎಲೆ ಹಾಕಿ ಕೂರಿಸಿದವರು, ಅಡುಗೆ ಮುಗಿಯಿತು ಎಂದು ಪಂಕ್ತಿಯ ಮಧ್ಯೆ ಎಬ್ಬಿಸಿ ಕಳಿಸುವಂತಿಲ್ಲ. ಕರೆದವರಿಗೆ ಹೊಣೆಯಿದೆ. ಆ ಹೊಣೆ ಕಾರ್ಖಾನೆಯನ್ನು ಎಂದೆಂದಿಗೂ ನಡೆಸುವುದಲ್ಲ, ಬಂದವರು ನೆಮ್ಮದಿಯಾಗಿ ಎದ್ದು ಇನ್ನೊಂದು ಬದುಕಿಗೆ ಕೈ ಹಾಕುವಷ್ಟು ಕಾಲ ಮತ್ತು ನೆಲ ಕೊಡುವುದು.

ಈ ಲೆಕ್ಕದಲ್ಲಿ ಇನ್ನೊಬ್ಬ ಸಾಲಗಾರನನ್ನು ಮರೆಯಬಾರದು. ನಮ್ಮ ಊರಿನ ಅನ್ನಕ್ಕೆ ಮಲೆನಾಡಿನ ಕಾಡು ಇದ್ದಿಲಾಗಿದೆ. ಕಾಗದದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ಸುಮಾರು 20 ಸಾವಿರ ಹೆಕ್ಟೇರ್ ಕಾಡಿನಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು. ಗುತ್ತಿಗೆ 2020ರಲ್ಲಿ ಮುಗಿದಾಗ 'ನಮ್ಮೂರಿಗೆ ಅಕೇಶಿಯಾ ಬೇಡ' ಎಂದು ಮಲೆನಾಡಿನವರು ಎದ್ದು ನಿಂತರು. ನಮ್ಮ ಅನ್ನದ ವಾಸನೆ ನದಿಯ ಕೆಳಗಿನ ಹಳ್ಳಿಯವರಿಗೆ ಕೊಳಕು ನೀರಿನ ವಾಸನೆಯೂ ಆಗಿತ್ತು. ಆದ್ದರಿಂದ ಹಳೆಯದನ್ನೇ ಹಾಗೆಹಾಗೇ ಮರಳಿ ತನ್ನಿ ಎಂದು ನಾನು ಕೇಳಲಾರೆ.

ಹಾಗಾದರೆ ಏನು ಮಾಡಬಹುದು? ನನಗೆ ತೋಚಿದ್ದನ್ನು ಹೇಳುತ್ತೇನೆ.

ಮೊದಲು ನೆಲ. ಯಾವ ಯೋಜನೆಗೂ ಮುಂಚೆ, ಎರಡೂ ಕಾರ್ಖಾನೆಗಳ ನೆಲವನ್ನು ಮಾರುವಂತಿಲ್ಲ, ದುಡಿಮೆಯ ಉದ್ದೇಶಕ್ಕೆ ಗುತ್ತಿಗೆ ಮಾತ್ರ ಎಂದು ಕಾನೂನಾಗಬೇಕು. ಪರೇಲ್ ಕಲಿಸಿದ ಪಾಠ ಇದೊಂದೇ: ನೆಲದ ನಿಯಮ ಮೊದಲೇ ಗಟ್ಟಿಯಾಗದಿದ್ದರೆ ಆಮೇಲಿನ ಆಶಯಗಳೆಲ್ಲ ನೀರಿನ ಮೇಲಿನ ಬರಹ.

ಎರಡನೆಯದು, ಗಣಿಯಿಲ್ಲ ಎಂಬ ಹಳೆಯ ಗೋಳನ್ನು ಬಿಟ್ಟು ನೋಡುವುದು. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಮಿಶ್ರಲೋಹದ ಉಕ್ಕು ಮಾಡಲು ಅದಿರೂ ಬೇಡ, ಕಲ್ಲಿದ್ದಲೂ ಬೇಡ. ಬೇಕಾದದ್ದು ವಿದ್ಯುತ್ತು ಮತ್ತು ಕೈಚಳಕ. ಆ ಕೈಗಳು ಭದ್ರಾವತಿಯಲ್ಲಿವೆ. ಅಪ್ಪ ಮೋಲ್ಡರ್ ಆಗಿದ್ದರು. ಮರಳನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟು, ಅದು ಮುರಿಯುವ ರೀತಿ ನೋಡಿ ತೇವ ಎಷ್ಟಿದೆ ಎಂದು ಹೇಳುತ್ತಿದ್ದರು. ಅಲ್ಲೇ ಹತ್ತಿರದ ಮಾಚೇನಹಳ್ಳಿಯಲ್ಲಿ ಇವತ್ತಿಗೂ ಫೌಂಡ್ರಿಗಳು ನಡೆಯುತ್ತಿವೆ. ಅಲ್ಲಿನ ಸಣ್ಣ ಘಟಕಗಳಿಗೆ ಸ್ವಂತವಾಗಿ ಕೊಳ್ಳಲಾಗದ ಲೋಹ ಪರೀಕ್ಷೆ, ಶಾಖೋಪಚಾರ, ನಿಖರ ಯಂತ್ರಗಾರಿಕೆಯ ಸಾಮೂಹಿಕ ಕೇಂದ್ರವೊಂದನ್ನು ಹಳೆಯ ಶೆಡ್ಡುಗಳಲ್ಲಿ ತೆರೆದು, ನಿವೃತ್ತರನ್ನು ಗೌರವಧನ ಕೊಟ್ಟು ಕರೆದು, ಐಟಿಐ ಹುಡುಗರನ್ನು ಅವರ ಕೈಕೆಳಗೆ ಬಿಡಬೇಕು. ಇದಕ್ಕೆ ಇರುವ ಕಾಲಾವಕಾಶ ಇನ್ನು ಹತ್ತು ವರ್ಷ. ಆ ತಲೆಮಾರು ಹೋದರೆ ಯಾವ ಕಡತವೂ ಅವರ ಮುಷ್ಟಿಯ ಲೆಕ್ಕವನ್ನು ವಾಪಸು ಕೊಡಲಾರದು.

ಮೂರನೆಯದು, ಕಾಡಿನ ಸಾಲ. ನೆಡುತೋಪುಗಳನ್ನು ಹಂತಹಂತವಾಗಿ ಸಹಜ ಕಾಡಾಗಿಸುವುದೂ ಒಂದು ದುಡಿಮೆಯೇ. ನರ್ಸರಿ, ಕಳೆ ತೆಗೆಯುವುದು, ನೀರಿಂಗಿಸುವುದು, ಕಾವಲು ಎಲ್ಲಕ್ಕೂ ಕೂಲಿ ಕೊಟ್ಟು ಜನರನ್ನು ತೊಡಗಿಸಬಹುದು. ಕೊನೆಯದಾಗಿ, ಏನೇ ಬಂದರೂ ಮೊದಲ ಹಕ್ಕು ಗುತ್ತಿಗೆ ಕಾರ್ಮಿಕರದ್ದಾಗಬೇಕು. ಕಾಯಂ ನೌಕರನಿಗೆ ಪಿಂಚಣಿಯೋ ವರ್ಗಾವಣೆಯೋ ಇರುತ್ತದೆ, ಗುತ್ತಿಗೆಯವನಿಗೆ ಗೇಟಿನ ಹೊರಗಿನ ಶಾಮಿಯಾನ ಮಾತ್ರ.

ಐಟಿ ಪಾರ್ಕ್ ಯಾಕೆ ಹೇಳಲಿಲ್ಲ ಎಂದು ನೀವು ಕೇಳಬಹುದು. ಆ ಕ್ಷೇತ್ರದವನಾದ್ದರಿಂದಲೇ ಹೇಳುತ್ತಿಲ್ಲ. ಹದಿನಾಲ್ಕು ಸ್ಲೈಡುಗಳಲ್ಲಿ ಮುಚ್ಚಿಹೋಗುವಂಥದ್ದರ ಮೇಲೆ ಊರನ್ನು ನಿಲ್ಲಿಸಬಾರದು.

ಆದರೆ ನನ್ನ ಪಾಲಿನ ಪ್ರಶ್ನೆಯಿಂದ ಇಷ್ಟಕ್ಕೆ ತಪ್ಪಿಸಿಕೊಳ್ಳಲಾಗುವುದಿಲ್ಲ. 2020ರಲ್ಲಿ ಎಂಟು ತಿಂಗಳು ನಾನು ಭದ್ರಾವತಿಯ ಮನೆಯಿಂದಲೇ ಕೆಲಸ ಮಾಡಿದೆ. ಒಂದು ದಿನ ಅಪ್ಪ ಬಾಗಿಲ ಬಳಿ ನಿಂತು ನನ್ನ ಮೀಟಿಂಗ್ ಮುಗಿಯುವವರೆಗೆ ನೋಡಿ ಕೇಳಿದರು: "ಇಷ್ಟೇನಾ ನಿನ್ನ ಕೆಲ್ಸ? ಇದನ್ನ ಇಲ್ಲಿಂದ್ಲೇ ಮಾಡ್ಬೋದಲ್ಲೋ." ನಾನು ನಕ್ಕೆ. ಆಫೀಸು ವಾಪಸು ಕರೆದಾಗ ಹೊರಟು ಬಂದೆ. ಎರಡು ವರ್ಷದ ನಂತರ ಅವರು ತೀರಿಕೊಂಡರು. ಕೆಲಸವಿಲ್ಲದ್ದಕ್ಕೆ ಊರು ಬಿಟ್ಟೆ ಎಂದು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದೆ. ಆ ಎಂಟು ತಿಂಗಳು ನನ್ನಿಂದ ಆ ನೆಪವನ್ನು ಕಸಿದುಕೊಂಡವು.

ಊರು ಬಿಟ್ಟದ್ದು ಪಾಪವಲ್ಲ. ಅಜ್ಜನೂ ಒಂದು ಊರು ಬಿಟ್ಟೇ ಭದ್ರಾವತಿಗೆ ಬಂದದ್ದು. ಆದರೆ ಆ ಕಾರ್ಖಾನೆಯ ಸಂಬಳದಲ್ಲಿ ಓದಿ ಎಂಟೆಕ್ ಮಾಡಿದ ನಾನು ಕರೆದವರ ಕಡೆಯವನೋ, ಕರೆಸಿಕೊಂಡವರ ಕಡೆಯವನೋ? ಎರಡೂ ಹೌದು. ನಲವತ್ತು ಜನರ ಆ ಕಚೇರಿಯನ್ನು ಮುಚ್ಚಿದ ದಿನದಿಂದ ಕರೆದವರ ಸಾಲಿನಲ್ಲಿ ನನ್ನ ಹೆಸರೂ ಇದೆ.

ಮನೆಯನ್ನು ಮಾರಲಿಲ್ಲ. ಮಗಳು ಹತ್ತನೇ ಕ್ಲಾಸು, ಅಮ್ಮನ ಆಸ್ಪತ್ರೆ ಇಲ್ಲಿದೆ, ಸದ್ಯಕ್ಕೆ ನಾನೂ ಹಿಂತಿರುಗುವುದಿಲ್ಲ. ಅದನ್ನು ಬೇರೆ ಬಣ್ಣದಲ್ಲಿ ಹೇಳುವ ಆಸೆ ನನಗಿಲ್ಲ. ಮಾಚೇನಹಳ್ಳಿಯ ಫೌಂಡ್ರಿಯೊಂದರಲ್ಲಿ ಅಪ್ರೆಂಟಿಸ್ ಆಗಿರುವ ಮೂವರು ಹುಡುಗರಿಗೆ ಕಡಿಮೆ ಬಾಡಿಗೆಗೆ ಕೊಟ್ಟಿದ್ದೇನೆ. ಪಕ್ಕದ ಮನೆಯ ಹಿರಿಯರು ಹೋದ ವಾರ ಫೋನ್ ಮಾಡಿ ದೂರು ಹೇಳಿದರು: "ನಿನ್ನ ಹುಡುಗರು ರಾತ್ರಿ ಹನ್ನೊಂದರ ತನಕ ಗಲಾಟೆ ಮಾಡ್ತಾರಪ್ಪ." ಹೇಳಿ ನೋಡ್ತೀನಿ ಎಂದೆ. "ಬೇಡ ಬಿಡು. ಭಾನುವಾರ ಮೋಲ್ಡಿಂಗ್ ಬಗ್ಗೆ ಕೇಳೋಕೆ ಬರ್ತಾರೆ, ಆಗ ನಾನೇ ಬೈತೀನಿ" ಎಂದರು.